ಸಾಕು ಅನ್ನಲು ಬಾರದ ಅಡಿವೆಪ್ಪ

'ಸಾಕು' ಅನ್ನುವ ಮಾತು ಎಲ್ಲರಿಗೂ ಬರುತ್ತದೆ ಅಂತ ನಾವು ತಿಳಿದಿರುತ್ತೇವೆ. ತೊಟ್ಟಿಲ ಕೂಸಿಗೂ ಬರುತ್ತದೆ. ಹೊಟ್ಟೆ ತುಂಬಿದರೆ ಅದು ಮುಖ ತಿರುಗಿಸುತ್ತದೆ. ಅಡಿವೆಪ್ಪನಿಗೆ ಮಾತ್ರ ಬರುತ್ತಿರಲಿಲ್ಲ.

ನಲವತ್ತೈದು ದಾಟಿದ ಆಳು. ಹೊಳೆದಂಡೆಯ ಬಸಲಿಂಗವ್ವನವರ ಮಠದಲ್ಲಿ ಇಪ್ಪತ್ತು ವರ್ಷದಿಂದ ಶಿಷ್ಯ. ನೂರು ಮಂದಿಗೆ ಒಬ್ಬನೇ ಅಡುಗೆ ಮಾಡಿ, ಒಬ್ಬನೇ ಬಡಿಸುವ ಗಟ್ಟಿಗ. ಆದರೆ ಯಾರು ಏನು ಕೇಳಿದರೂ ಅವನ ಬಾಯಿಂದ ಹೊರಡುತ್ತಿದ್ದದ್ದು ಒಂದೇ: "ಹೂಂ ರೀ."

ಸಂತೆಗೆ ಹೊರಟವರು ಎಮ್ಮೆ ತಂದು ಕಟ್ಟಿ, ಬರೋವರೆಗೆ ನೋಡಿಕೋ ಅಂದರೆ ಹೂಂ. ಒಮ್ಮೆ ಒಂದೇ ದಿನ ಮೂರು ಊರಿನ ಮದುವೆಗೆ ಬರುತ್ತೇನೆ ಅಂದು, ಒಂದಕ್ಕೂ ಸರಿಯಾಗಿ ಮುಟ್ಟದೆ ಮೂರೂ ಊರಿನವರ ಬೈಗುಳ ತಿಂದ. ಬೈಗುಳಕ್ಕೂ ಸಾಕು ಅನ್ನಲಿಲ್ಲ, ಪುಣ್ಯಾತ್ಮ.

ಒಂದು ವರ್ಷ ಸ್ಪೇನ್ ದೇಶದ ಯಾತ್ರಿಕನೊಬ್ಬ ಬೆನ್ನಿಗೆ ಚೀಲ ಹಾಕಿಕೊಂಡು ಬಂದು ಮಠದಲ್ಲಿ ತಿಂಗಳೊಪ್ಪತ್ತು ಇದ್ದ. ಹೋಗುವಾಗ ಹರಕು ಮುರುಕು ಕನ್ನಡದಲ್ಲಿ ತನ್ನ ಭಾಷೆಯ ಒಂದು ಮಾತು ಹೇಳಿದ. "ಯಾ" ಅಂತ. ಬಂದಾಯಿತು ಅನ್ನಲೂ ಅದೇ ಅಂತೆ, ಈಗಲೇ ಅನ್ನಲೂ ಅದೇ ಅಂತೆ. ಗೊತ್ತಾಯಿತು ಬಿಡು ಅನ್ನಲೂ ಅದೇ. ಬಡಿಸುವವರ ಮುಂದೆ ಸಾಕು ಅನ್ನಲೂ ಅದೇ.

ಅವ್ವಾರು ಬಾಯಿಗೆ ಸೆರಗು ಹಿಡಿದು ನಕ್ಕರು. ಬಸಲಿಂಗವ್ವನವರನ್ನು ಸುತ್ತಿನ ಊರೆಲ್ಲ ಅವ್ವಾರು ಅಂತಲೇ ಕರೆಯುತ್ತಿದ್ದದ್ದು.

"ಅಷ್ಟೂ ಕೆಲಸ ಒಂದ ಅಕ್ಷರದ ಕೈಲೆ ಮಾಡಿಸ್ತೀರೇನು? ಚಲೋ ಆತು. ನಮ್ಮ ಅಡಿವೆಪ್ಪಗೂ ಅದನ್ನ ಕಲಿಸಿ ಹೋಗು ತಮ್ಮಾ. ಕನ್ನಡದಾಗಂತೂ ಆ ಮಾತು ಇಂವನ ಬಾಯಾಗ ಬರಲಿಲ್ಲ."

ಆಮೇಲೆ ಶಿಷ್ಯನ ಕಡೆ ತಿರುಗಿದರು. "ಕಲೀತೀಯೇನೋ?"

"ಹೂಂ ರೀ," ಅಂದ ಅಡಿವೆಪ್ಪ. ಕಲಿಯಲಿಲ್ಲ ಅಂತ ಬೇರೆ ಹೇಳಬೇಕೇ?

ಆ ಮಠದ ದಾಸೋಹಕ್ಕೆ ಒಂದು ಪದ್ಧತಿ ಇತ್ತು. ಉಣ್ಣುವವರು ಎಲೆಯ ಮೇಲೆ ಅಂಗೈ ಅಡ್ಡ ಹಿಡಿದು ಬಾಯಿಬಿಟ್ಟು 'ಸಾಕು' ಅನ್ನುವವರೆಗೆ ಬಡಿಸುವವರ ಸೌಟು ನಿಲ್ಲಬಾರದು. ಹಾಕಿಸಿಕೊಂಡದ್ದನ್ನು ಬಿಟ್ಟು ಏಳಬಾರದು.

ಹಸಿದವರು 'ಇನ್ನಷ್ಟು ಹಾಕ್ರಿ' ಅಂತ ಬೇಡುವ ಪ್ರಸಂಗ ಬರಬಾರದು ಅಂತ ಹಿಂದಿನವರು ಮಾಡಿಟ್ಟದ್ದು. ಬೇಡಲು ನಾಚಿಕೆ, ಸಾಕು ಅನ್ನಲು ಏನು ನಾಚಿಕೆ? ಅವರಿಗೆ ಪಾಪ, ಅಡಿವೆಪ್ಪನಂಥ ಪ್ರಾಣಿ ಹುಟ್ಟಿ ಬರುತ್ತದೆ ಅಂತ ಗೊತ್ತಿರಲಿಲ್ಲ.

ಅವ್ವಾರಿಗೆ ಎಪ್ಪತ್ತೆಂಟು ತುಂಬಿದ ಮೇಲೆ ಮಠದ ಕಾರಭಾರ ಅಡಿವೆಪ್ಪನ ಕೈಗೆ ಬಂತು. ಊರ ಹಿರಿಯರನ್ನು ಕೂರಿಸಿಕೊಂಡು ಅವ್ವಾರು ಚುಟುಕಾಗಿ ಹೇಳಿದರು.

"ಇನ್ನ ಮ್ಯಾಲ ಇಂವ ಅಂದ್ರ ಮಠ ಅಂದಂಗ. ಇಂವ ಹೂಂ ಅಂದದ್ದಕ್ಕ ನಾ ಊಹೂಂ ಅನ್ನಂಗಿಲ್ಲ."

ಆ ಮಾತು ಹೊಳೆ ದಾಟಿ ಬಾಪುಗೌಡನ ಕಿವಿಗೂ ಬಿತ್ತು.

ಬಾಪುಗೌಡ ಅಂದರೆ ಉಸುಕಿನ ಗೌಡ. ಹೊಳೆಯ ಉಸುಕು ತುಂಬಿ ಪಟ್ಟಣಕ್ಕೆ ಹೊಡೆಯುವ ಲಾರಿಗಳೆಲ್ಲ ಅವನವೇ. ನಗದೆ ಮಾತಾಡುವವನಲ್ಲ, ಕೈ ಮುಗಿಯದೆ ಕೂರುವವನಲ್ಲ. ಅಂಥವರ ಜೊತೆ ಹುಷಾರಾಗಿರಬೇಕು ಅಂತ ನಮ್ಮಂಥವರಿಗೆ ಗೊತ್ತಾಗುವುದು ಯಾವಾಗಲೂ ತಡವಾಗಿಯೇ.

ಬಂದ. ಕೈ ಮುಗಿದ.

"ಅಪ್ಪಾರ, ದಾಸೋಹದ ಮನೀ ತಗಡು ಹಾರಿಹೋಗಿ ಮಂದಿ ಬಿಸಿಲಾಗ ಉಣ್ಣೋದು ನೋಡಿದೆ. ಕರುಳು ಚುರ್ ಅಂತು. ಹೊಸ ತಗಡು ನಾ ಹಾಕಸ್ತೀನಿ."

"ಹೂಂ ರೀ."

"ನಂದೂ ಒಂದು ಸಣ್ಣ ಕೆಲಸ ಐತಿ. ನಿಮ್ಮ ಮಠದ ಓಣ್ಯಾಗ ನಾಲ್ಕ ಟ್ರಿಪ್ ಲಾರಿ ಇಳಿಸ್ಕೋತೀನಿ."

"ಹೂಂ ರೀ."

ಆ ದಂಡೆಯಲ್ಲಿ ಲಾರಿ ಹೊಳೆಗಿಳಿಯುವಂಥ ದಾರಿ ಇದ್ದದ್ದು ಅದೊಂದೇ. ಅದು ಮಠದ ಸ್ವಂತ ಓಣಿ. ಉಳಿದ ಕಡೆಯೆಲ್ಲ ಗೋಡೆಯ ಹಾಗೆ ಕಡಿದು ನಿಂತ ದಂಡೆ. ಇದನ್ನೆಲ್ಲ ಅಡಿವೆಪ್ಪ ಯೋಚಿಸಲಿಲ್ಲ. ಎದುರಿನ ಮನುಷ್ಯ ನಗುತ್ತಿದ್ದ, ಕೇಳುತ್ತಿದ್ದ, ಅಷ್ಟೇ ಅವನಿಗೆ ಕಂಡದ್ದು.

ತಗಡು ಬಂತು. ಲಾರಿಯೂ ಬಂತು. ನಾಲ್ಕು ಹೋಗಿ ನಲವತ್ತಾಯಿತು. ದಾಸೋಹದ ಮನೆಯ ಹೊಸ ತಗಡಿನ ಮೇಲೆ ಓಣಿಯ ಧೂಳು ಬೆರಳುದ್ದ ಕೂತಿತು.

ಬೇಸಿಗೆ ಏರಿತು.

ಆ ಊರಿನವರು ಬೇಸಿಗೆಯಲ್ಲಿ ಕುಡಿಯುವುದು ಒರತೆಯ ನೀರು. ಮೇಲೆ ಹೊಳೆ ಒಣಗಿದರೂ ಉಸುಕಿನ ಹೊಟ್ಟೆಯಲ್ಲಿ ನೀರಿರುತ್ತದೆ. ಮೊಣಕಾಲಾಳ ತೋಡಿದರೆ ಸಾಕು, ಬುಡದಲ್ಲಿ ತಣ್ಣಗೆ ಜಿನುಗುತ್ತದೆ. ಹೆಂಗಸರು ತೆಂಗಿನ ಚಿಪ್ಪಿನಲ್ಲಿ ಮೊಗೆದು ಮೊಗೆದು ಕೊಡ ತುಂಬುತ್ತಾರೆ. ಅಜ್ಜಿಯ ಅಜ್ಜಿಯ ಕಾಲದಿಂದ ನಡೆದದ್ದು.

ಒಂದು ಬೆಳಿಗ್ಗೆ ಫಕೀರವ್ವ ಬಂದು ಅಡಿವೆಪ್ಪನ ಮುಂದೆ ಕೊಡ ಬೋರಲು ಹಾಕಿದಳು. ದಿನಾ ಮಠಕ್ಕೆ ನೀರು ಹೊತ್ತು ತರುತ್ತಿದ್ದವಳು ಅವಳೇ. ಬಾಯಿ ಸ್ವಲ್ಪ ಹರಿತ.

"ಇದೇನ ಫಕೀರವ್ವ?"

"ಕೊಡಾ ರೀ ಅಪ್ಪಾರ. ನೀರು ತುಂಬೋದು. ಮರತೀರೇನು?"

"ವರತಿ..."

"ವರತಿ ಎಲ್ಲೈತ್ರಿ? ಎದಿಮಟ ತೋಡಿದ್ವಿ. ಕರೀ ಮಣ್ಣು ಬಂತು. ಉಸುಕ ಇಲ್ಲಂದ್ರ ನೀರು ಎಲ್ಲಿ ಕುಂದರಬೇಕ್ರಿ, ಲಾರ್‍ಯಾಗೇನು?"

"ನಾ ಗೌಡ್ರಿಗೆ ಹೇಳ್ತೀನಿ ತಾಯಿ."

"ಏನಂತ ಹೇಳ್ತೀರಿ? ಹೂಂ ಅಂತೇನು?"

ಅಡಿವೆಪ್ಪನ ಮುಖ ಸಪ್ಪಗಾಯಿತು. ಅವಳು ಕೊಡವನ್ನು ಅಲ್ಲಿಯೇ ಬಿಟ್ಟು ಹೋದಳು.

ಅವ್ವಾರು ಬೇವಿನ ನೆರಳಲ್ಲಿ ಕೂತು ಬತ್ತಿ ಹೊಸೆಯುತ್ತಿದ್ದರು. ಅಡಿವೆಪ್ಪ ಎದುರು ಕುಕ್ಕುರುಗಾಲಲ್ಲಿ ಕೂತ.

"ಅವ್ವಾರ, ಗೌಡ್ರಿಗೆ ನೀವ ಒಂದ ಮಾತು ಹೇಳ್ರಿ. ಲಾರಿ ನಿಂದರಸಾಕ."

"ಹೂಂ ಅಂದಾಂವ ಯಾರು?"

"ನಾನ್ರಿ."

"ಮತ್ತ?"

"ನನಗ ಹೇಳಾಕ ಆಗಂಗಿಲ್ರೀ. ಅವರು ಭಾಳ ಒಳ್ಳೇ ಮಾತಾಡ್ತಾರ."

"ಕೆಟ್ಟ ಮಾತಾಡಿ ಹೊಳಿ ಒಯ್ದಾಂವನ್ನ ನಾ ಇನ್ನೂ ನೋಡಿಲ್ಲ," ಅಂದರು ಅವ್ವಾರು. "ಹೋಗು. ನಿನ್ನ ಬಾಯಿ, ನಿನ್ನ ಮಾತು."

ಅಡಿವೆಪ್ಪ ಹೋದ. ಸಂಜೆ ಬುಟ್ಟಿ ತುಂಬ ಮಾವಿನಹಣ್ಣು ಹೊತ್ತು ಬಂದ.

"ಹೇಳಿದೀಯೇನು?"

"ಹೇಳಬೇಕನ್ನೂದ್ರಾಗ ಹಣ್ಣು ತರಿಸಿದ್ರು ರೀ. ಅವರ ಹಣ್ಣು ತಿನ್ನಕೋತ ಹೆಂಗ ಹೇಳೂದು?"

ಅವ್ವಾರು ಹಣ್ಣನ್ನು ದನಗಳ ಮುಂದೆ ಸುರಿಸಿದರು. ಎರಡನೇ ದಿನ ಮತ್ತೆ ಕಳಿಸಿದರು.

ಎರಡನೇ ದಿನ ಕೊರಳಲ್ಲಿ ಹಾರ, ಹೆಗಲ ಮೇಲೆ ಶಾಲು. ಗೌಡ ಮನೆಯ ಅಂಗಳದಲ್ಲಿ ನಾಲ್ಕು ಮಂದಿಯನ್ನು ಕೂಡಿಸಿ, ಮಠದ ಅಪ್ಪಾರು ಬಂದಾರ ಅಂತ ಸನ್ಮಾನ ಮಾಡಿ ಕಳಿಸಿದ್ದ.

"ಇದೇನೋ, ಮದಿವಿ ಆಗಿ ಬಂದೀಯೇನು?" ಅಂದರು ಅವ್ವಾರು.

ಅಡಿವೆಪ್ಪ ಶಾಲಿನಲ್ಲೇ ಮುಖ ಒರೆಸಿಕೊಂಡ. ಅವನಿಗೆ ತನ್ನ ಮೇಲೆಯೇ ಹೇಸಿಕೆ ಬಂದಿತ್ತು.

ಮರುದಿನ ಮಧ್ಯಾಹ್ನ ಪಂಕ್ತಿ ಕೂತಿತು. ಹದಿನೆಂಟು ಇಪ್ಪತ್ತು ಮಂದಿ. ಹೆಚ್ಚಿನವರು ಮುಂಜಾನೆಯಿಂದ ಹೊಳೆಯಲ್ಲಿ ಒರತೆ ತೋಡಿ ತೋಡಿ ಕೈ ಸೋತು ಬಂದ ಹೆಂಗಸರು. ಎರಡು ಹರದಾರಿ ಆಚೆಯಿಂದ ತಂದ ನೀರಲ್ಲಿ ಒಂದು ಸಣ್ಣ ಗಡಿಗೆ ನುಚ್ಚಷ್ಟೇ ಆಗಿತ್ತು.

ಅವ್ವಾರು ಕೋಲೂರಿಕೊಂಡು ಬಂದು ಅಡಿವೆಪ್ಪನ ಕೈಯಿಂದ ಸೌಟು ಇಸಿದುಕೊಂಡರು.

"ಇವತ್ತ ನಾ ಬಡಸ್ತೀನಿ. ನೀ ಮೊದಲನೇ ಎಲಿಗೆ ಕುಂದ್ರು."

"ಮಂದಿ ಉಂಡ ಮ್ಯಾಲ ನಾನು..."

"ಕುಂದ್ರು ಅಂದೆ."

"ಹೂಂ ರೀ."

ಒಂದು ಸೌಟು ನುಚ್ಚು ಬಿತ್ತು. ಉಂಡ. ಎರಡನೆಯದು ಬಿತ್ತು. ಹಸಿದಿದ್ದ, ಸಂತೋಷವಾಗಿಯೇ ಉಂಡ. ಮೂರನೆಯದು ಬಿದ್ದಾಗ ತಲೆ ಎತ್ತಿ ನೋಡಿದ. ಅವ್ವಾರು ಅವನ ಮುಖ ನೋಡಲಿಲ್ಲ, ಎಲೆ ನೋಡಿದರು. ಎಲೆ ಬರಿದಾದ ಕೂಡಲೇ ನಾಲ್ಕನೆಯದು ಹಾಕಿದರು.

ಐದು. ಆರು.

ಅಂಗೈ ಅಡ್ಡ ಹಿಡಿದು ಒಂದು ಮಾತು ಅಂದಿದ್ದರೆ ಮುಗಿಯುತ್ತಿತ್ತು. ಆದರೆ ಬಡಿಸುತ್ತಿದ್ದವರು ಗುರು. ಗುರು ಕೈಯಾರೆ ಹಾಕಿದ್ದು ಪ್ರಸಾದ. ಪ್ರಸಾದಕ್ಕೆ ಸಾಕು ಅನ್ನುವುದುಂಟೇ? ಅಡಿವೆಪ್ಪ ನುಂಗಿದ. ಹೊಟ್ಟೆ ನಗಾರಿಯಾಯಿತು, ಹಣೆ ಬೆವರಿತು, ಕಣ್ಣಲ್ಲಿ ನೀರು ಬಂತು. ಆದರೂ ನುಂಗಿದ.

ಪಂಕ್ತಿಯವರು ಖಾಲಿ ಎಲೆ ಮುಂದಿಟ್ಟುಕೊಂಡು ನೋಡುತ್ತಾ ಕೂತಿದ್ದರು.

ಕೊನೆಗೆ ಸೌಟು ಗಡಿಗೆಯ ತಳ ಕೆರೆಯಿತು. ಅವ್ವಾರು ಗಡಿಗೆ ಓರೆ ಮಾಡಿ ಎಲ್ಲರಿಗೂ ತೋರಿಸಿದರು.

"ಮುಗೀತು," ಅಂದರು.

ಫಕೀರವ್ವ ತನ್ನ ಖಾಲಿ ಎಲೆಯನ್ನು ಮಡಚಿದಳು.

ಅಡಿವೆಪ್ಪ ಗಾಬರಿಯಾಗಿ ಏಳಲು ಹೋದ. ಏಳಲು ಆಗಲಿಲ್ಲ. "ಅವ್ವಾರ, ಇನ್ನೊಂದು ಗಡಿಗಿ ಇಡ್ತೀನ್ರಿ. ಅರ್ಧ ತಾಸಿನಾಗ ಬೇಯ್ತೈತಿ..."

"ಇಡು. ನೀರೆಲ್ಲೈತಿ?"

ಅಡಿವೆಪ್ಪ ಖಾಲಿ ಗಡಿಗೆಯ ಕಡೆ ನೋಡಿದ.

"ನೀವ ಬಡಿಸಿದ್ರಿ," ಅಂದ. "ನಿಮಗ ಹೆಂಗ ಸಾಕು ಅನ್ಲಿ? ನಿಮ್ಮ ಮನಸಿಗೆ ನೋವಾಗ್ತಿತ್ತು."

"ಆಗ್ತಿತ್ತು. ಆದ್ರ ನಾನೇನು ಸಾಯ್ತಿದ್ನೇನು? ಇವರ ಹೊಟ್ಟಿ ನೋಡು."

"ನಾ ಬೇಕಂತ ತಿನ್ನಲಿಲ್ರೀ ಅವ್ವಾರ."

"ಅದು ಇನ್ನೂ ಕೆಟ್ಟದ್ದು. ಬೇಕಂತ ತಿಂದಾಂವಗ ರುಚಿ ಆದ್ರೂ ಹತ್ತತೈತಿ. ನೀ ಬ್ಯಾಡಾಗಿದ್ದೂ ತಿಂದಿ, ಇಪ್ಪತ್ತು ಮಂದೀದು ತಿಂದಿ. ಮ್ಯಾಲ ಒಳ್ಳೇ ಮನಷ್ಯಾ ಅನ್ನಿಸಿಕೊಂಡಿ."

ಅಡಿವೆಪ್ಪ ಎಲ್ಲರೆದುರು ಅತ್ತ. ಯಾರೂ ಸಮಾಧಾನ ಮಾಡಲಿಲ್ಲ. ಮಠದಲ್ಲಿ ಇದ್ದ ನಾಲ್ಕು ಒಣ ರೊಟ್ಟಿ ಮುರಿದು, ಖಾರಪುಡಿ ಹಚ್ಚಿ, ಪಂಕ್ತಿಯವರು ಚೂರು ಚೂರು ಹಂಚಿಕೊಂಡು ಎದ್ದರು. ಅವ್ವಾರು ಅಂದು ಏನೂ ಮುಟ್ಟಲಿಲ್ಲ.

ಬಿಸಿಲು ಇಳಿಯುವ ಹೊತ್ತಿಗೆ ಅಡಿವೆಪ್ಪ ಹೊಳೆಗೆ ಹೋದ. ಫಕೀರವ್ವ ಮತ್ತವರು ತೋಡಿದ ಗುಂಡಿ ಅಲ್ಲೇ ಇತ್ತು. ಇಳಿದು ನಿಂತರೆ ಎದೆಮಟ. ಬುಡದಲ್ಲಿ ಕರಿ ಮಣ್ಣು, ಅದರ ನಡುವೆ ಅಂಗೈಯಗಲ ಕೆಸರು.

ಅವನಿಗೆ ಸಿಟ್ಟು ಬಂತು. ಗೌಡನ ಮೇಲೆ ಬಂತು, ತನ್ನ ಮೇಲೆ ಬಂತು, ಸುಳ್ಳು ಯಾಕೆ, ಅವ್ವಾರ ಮೇಲೂ ಸ್ವಲ್ಪ ಬಂತು. ಇಪ್ಪತ್ತು ವರ್ಷದಲ್ಲಿ ಅವನು ಸಿಟ್ಟು ಮಾಡಿಕೊಂಡದ್ದು ಅದೇ ಮೊದಲು. ಅದನ್ನು ಎಲ್ಲಿಡಬೇಕು ಅಂತಲೂ ಅವನಿಗೆ ತಿಳಿಯಲಿಲ್ಲ.

"ಸಾಕು," ಅಂದ ಗುಂಡಿಯೊಳಗೆ ನಿಂತು. ದನಿ ಬೆಕ್ಕಿನ ಮರಿಯದಾಗಿತ್ತು.

"ಸಾಕು. ಸಾಕು. ಗೌಡ್ರ, ಸಾಕ್ರಿ."

"ಯಾರ ಜೋಡಿ ಮಾತಾಡಾಕತ್ತೀರಿ ಅಪ್ಪಾರ?"

ಮೇಲೆ ಫಕೀರವ್ವ ನಿಂತಿದ್ದಳು. ಸೊಂಟದಲ್ಲಿ ಕೊಡ, ಕೈಯಲ್ಲಿ ಚಿಪ್ಪು. ಇನ್ನೊಂದು ಸಲ ನೋಡೋಣ ಅಂತ ಬಂದಿದ್ದಳು.

"ಕಲೀಲಿಕತ್ತೇನಿ," ಅಂದ ಅಡಿವೆಪ್ಪ ನಾಚಿಕೊಂಡು.

ಅವಳು ನಗಲಿಲ್ಲ. ಗುಂಡಿಯ ಅಂಚಿನಲ್ಲಿ ಕೂತಳು.

"ನಮ್ಮ ಸಣ್ಣ ಸಣ್ಣ ಹುಡುಗ್ಯಾರಿಗೂ ಇದು ಗೊತ್ತರೀ ಅಪ್ಪಾರ. ಚಿಪ್ಪಿಗೆ ಕೆಸರು ಹತ್ತಿದ ಕೂಡ್ಲೆ ಕೈ ತಗದು ಬಾಜು ಸರೀಬೇಕು. ಸ್ವಲ್ಪೊತ್ತು ಬಿಟ್ರ ವರತಿ ಮತ್ತ ತುಂಬತೈತಿ. ಬಿಡಲಾರದ ಕೆದರಿದ್ರ ಎಲ್ಲಾರಿಗೂ ಕೆಸರ. ನಮ್ಮವ್ವ ನಮಗ ಚಿಪ್ಪಿಲೆ ಹೊಡದು ಕಲಿಸ್ಯಾಳ."

"ನಮ್ಮವ್ವಾರು ಸೌಟಿಲೆ ಕಲಿಸಿದ್ರು," ಅಂದ ಅಡಿವೆಪ್ಪ.

ಮರುದಿನ ಹೊತ್ತು ಮೂಡುವಾಗಲೇ ಅವನು ಓಣಿಯ ನಟ್ಟನಡುವೆ ಹೋಗಿ ನಿಂತ.

ಮೂರು ಲಾರಿ ಬಂದವು. ಮುಂದಿನದು ಹಾರ್ನ್ ಹೊಡೆಯಿತು. ಡ್ರೈವರ್ ಕಿಟಕಿಯಿಂದ ತಲೆ ಹೊರಹಾಕಿದ.

"ಅಪ್ಪಾರ, ಸ್ವಲ್ಪ ಬಾಜು ಸರೀರಿ."

"ಹೂಂ ರೀ," ಅಂದ ಅಡಿವೆಪ್ಪ.

ಹಾಳು ಅಭ್ಯಾಸ ನೋಡಿ, ಬಾಯಿ ತಾನಾಗಿಯೇ ಅಂದುಬಿಟ್ಟಿತು. ಆದರೆ ಕಾಲು ಸರಿಯಲಿಲ್ಲ. ಡ್ರೈವರ್ ಕಾದ. ಮತ್ತೆ ಹಾರ್ನ್ ಹೊಡೆದ. ಅಡಿವೆಪ್ಪ ಅಲ್ಲೇ ಇದ್ದ. ಕೊನೆಗೆ ಡ್ರೈವರ್ ಗೌಡನಿಗೆ ಫೋನ್ ಮಾಡಿದ.

ಜೀಪಿನಿಂದ ಇಳಿಯುತ್ತಲೇ ಬಾಪುಗೌಡ ನಕ್ಕ.

"ಏನ್ರೀ ಅಪ್ಪಾರ, ನಾಷ್ಟಾ ಆತೇನ್ರಿ?"

"ನಿನ್ನೀದ ಇನ್ನೂ ಕರಗಿಲ್ರಿ."

"ಬಿಸಿಲು ಏರಾಕತ್ತೇತಿ. ಒಳಗ ಕುಂತು ಮಾತಾಡೂಣ ಬರ್ರಿ."

"ಇಲ್ಲೇ ಮಾತಾಡೂಣ್ರಿ. ಗೌಡ್ರ, ಸಾಕು."

ದನಿ ತೆಳ್ಳಗೆ ಬಂತು. ಗೌಡನಿಗೆ ಕೇಳಿಸಲಿಲ್ಲವೋ, ಕೇಳಿಸದ ಹಾಗೆ ಮಾಡಿದನೋ.

"ಏನಂದ್ರಿ?"

"ಸಾಕು ಅಂದೆ!" ಈ ಸಲ ಬೇವಿನ ಮರದ ಕಾಗೆಗಳು ಎದ್ದವು. "ಲಾರಿ ಸಾಕು. ಮಾವಿನಹಣ್ಣು ಸಾಕು, ಶಾಲು ಸಾಕು. ನೀವು ನಕ್ಕೋತ ಬರೂದು ಸಾಕು, ನಾ ಹೂಂ ಅನ್ನೂದು ಸಾಕು!"

"ಅಪ್ಪಾರ, ನೀವು ಮಾತು ಕೊಟ್ಟೀರಿ."

"ನಾಲ್ಕ ಟ್ರಿಪ್ಪಿಗೆ ಕೊಟ್ಟಿದ್ದೆ. ಅದೂ ನಂದ ತಪ್ಪು. ನಾಲ್ಕೂ ಒಯ್ದೀರಿ. ಐದನೇದಕ್ಕ ನಾ ಯಾವ ಮಾತೂ ಕೊಟ್ಟಿಲ್ಲ."

"ತಗಡು ಬಿಚ್ಚಸ್ತೀನಿ ನೋಡ್ರಿ."

"ಬಿಚ್ಚಿಸ್ರಿ. ಏಣಿ ಅಡಗೀಮನಿ ಹಿಂದ ಐತಿ. ಬೋಲ್ಟ್ ಬಿಚ್ಚೂ ಪಾನಾ ತರಲಿಲ್ಲಂದ್ರ ನಮ್ಮದ ಕೊಡ್ತೀನಿ."

"ಮಳಿ ಬಂದ್ರ ಮಂದಿ ತೋಯಿಸ್ಕೊಂಡು ಉಣ್ತಾರ!"

"ತೋಯಿಸ್ಕೊಂಡ ಉಣ್ತೀವ್ರಿ. ಕುದಿಸಾಕ ನೀರಿದ್ರ ತಾನ ಉಣ್ಣೂ ಮಾತು."

ಗೌಡನ ನಗು ಅಲ್ಲಿಗೆ ನಿಂತಿತು. ಡ್ರೈವರನ ಕಡೆ ತಿರುಗಿ, "ಬಿಡೋ ಗಾಡಿ ಮುಂದ," ಅಂದ.

ಲಾರಿ ಗುರ್ರೆಂದು ಮುಂದೆ ಬಂತು. ಒಂದು ಮಾರು. ಮತ್ತೊಂದು ಮೊಳ. ಬಂಪರ್ ಅಡಿವೆಪ್ಪನ ಧೋತರಕ್ಕೆ ತಾಗಿತು. ಇಂಜಿನ್ನಿನ ಬಿಸಿ ಮುಖಕ್ಕೆ ಹೊಡೆಯಿತು. ಅವನಿಗೆ ಹೆದರಿಕೆಯಾಗಿತ್ತು. ಯಾರಿಗೆ ಆಗುವುದಿಲ್ಲ? ಆದರೆ ನಿಂತ ಜಾಗ ಬಿಡಲಿಲ್ಲ.

ಡ್ರೈವರ್ ಇಂಜಿನ್ ಆರಿಸಿದ. "ನನ್ನ ಕೈಲೆ ಆಗಂಗಿಲ್ರೀ ಗೌಡ್ರ."

ಅಷ್ಟೊತ್ತಿಗೆ ಫಕ್ಕನೆ ಸುದ್ದಿ ಹರಡಿ ಹೆಂಗಸರು ಖಾಲಿ ಕೊಡ ಹೊತ್ತು ಬಂದಿದ್ದರು. ಒಬ್ಬೊಬ್ಬರೇ ಅಡಿವೆಪ್ಪನ ಹಿಂದೆ ನಿಂತರು. ಫಕೀರವ್ವ ಓಣಿಯ ನಡುವೆ ಕೊಡ ಇಟ್ಟು ಅದರ ಪಕ್ಕದಲ್ಲಿ ಕೂತೇಬಿಟ್ಟಳು.

ಸದ್ದಿಗೆ ಅವ್ವಾರೂ ಕೋಲೂರಿಕೊಂಡು ಹೊರಗೆ ಬಂದರು. ಗೌಡ ಓಡಿಹೋಗಿ ಅವರ ಕಾಲಿಗೆ ಬಿದ್ದ.

"ಅವ್ವಾರ, ನಿಮ್ಮ ಶಿಷ್ಯಾಗ ಬುದ್ಧಿ ಹೇಳ್ರಿ. ಇವತ್ತೊಂದ ಲಾರಿ. ಮಗಳ ಮನೀ ಕೆಲಸ ಅರ್ಧಕ್ಕ ನಿಂತೈತಿ. ನಿಮ್ಮ ಬಾಯಿಂದ ಒಂದ ಮಾತು ಬರಲಿ. ನಾಳಿಂದ ಈ ಕಡೆ ಮುಖಾನ ಹಾಕಂಗಿಲ್ಲ."

"ಒಂದ ಲಾರೀನ?"

"ಒಂದ ರೀ. ಮಗಳಾಣಿ."

ಅವ್ವಾರು ಓಣಿಯ ಕಡೆ ತಿರುಗಿದರು.

"ಅಡಿವೆಪ್ಪ."

"ರೀ ಅವ್ವಾರ."

"ಒಂದ ಲಾರಿ ಬಿಡು."

ಫಕೀರವ್ವ, "ಅಯ್ಯ ನಮ್ಮವ್ವ!" ಅಂದಳು.

ಅಡಿವೆಪ್ಪ ಅವ್ವಾರ ಮುಖ ನೋಡಿದ. ಅಲ್ಲಿ ಏನೂ ಬರೆದಿರಲಿಲ್ಲ. ಗೌಡನಿಗೆ ಇಲ್ಲ ಅಂದದ್ದು ದೊಡ್ಡದಲ್ಲ, ಗೌಡ ಯಾರು? ಆದರೆ ಈ ಮುದುಕಿ ಅವನಿಗೆ ತಾಯಿ ತಂದೆ ಎರಡೂ. ಅವರ ಮಾತು ಅವನು ಒಂದು ದಿನ, ಒಂದು ಗಳಿಗೆ ಮೀರಿದವನಲ್ಲ.

ಅವನು ನಡೆದು ಬಂದು ಧೂಳಲ್ಲೇ ಅಡ್ಡಬಿದ್ದು ಅವ್ವಾರ ಪಾದಕ್ಕೆ ಹಣೆ ಹಚ್ಚಿದ.

ಗೌಡನ ಮುಖ ಅರಳಿತು. ಡ್ರೈವರ್ ಚಾವಿಗೆ ಕೈ ಹಾಕಿದ.

ಅಡಿವೆಪ್ಪ ಎದ್ದ. ಮೈ ಧೂಳು ಕೊಡವಲಿಲ್ಲ. ತಿರುಗಿ ಹೋಗಿ ಲಾರಿಯ ಮುಂದೆ, ಮೊದಲಿನ ಜಾಗದಲ್ಲೇ ನಿಂತ.

"ನನ್ನ ಮಾತು ಕೇಳಿಸಲಿಲ್ಲೇನು?" ಅಂದರು ಅವ್ವಾರು.

"ಕೇಳಿಸ್ತರೀ."

"ನಾ ನಿನ್ನ ಗುರು ಹೌದಲ್ಲೋ?"

"ಹೌದ್ರಿ. ಸಾಯೂಮಟ."

"ಮತ್ತ ಸರಿ ಅಲ್ಲಿಂದ."

"ಇಲ್ರೀ ಅವ್ವಾರ." ಅವನು ಎರಡೂ ಕೈ ಮುಗಿದ. "ಮಠ ಬಿಟ್ಟು ಹೋಗು ಅನ್ರಿ, ಹೋಗ್ತೀನಿ. ಉಟ್ಟ ಅರಿವಿಮ್ಯಾಲ ಹೋಗ್ತೀನಿ. ಆದ್ರ ಈ ಲಾರಿ ಹಿಂದ ತಿರುಗಿದ ಮ್ಯಾಲ."

ಹೆಂಗಸರಲ್ಲಿ ಒಬ್ಬಳೂ ಕದಲಲಿಲ್ಲ.

ಅವ್ವಾರು ನಗು ಮುಚ್ಚಲು ಸೆರಗನ್ನು ಬಾಯಿಗೆ ಹಿಡಿದರು. ಕೋಲನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದರು. ಆಮೇಲೆ ನಿಧಾನಕ್ಕೆ ಬಾಪುಗೌಡನ ಕಡೆ ತಿರುಗಿದರು.

"ಕೇಳಿದೇನಪಾ ಗೌಡಾ? ಇಂವ ನನ್ನ ಮಾತ ಕೇಳವಲ್ಲ, ಇನ್ನ ನೀ ಯಾವ ಲೆಕ್ಕ? ತಿರುಗಿಸು ಗಾಡಿ."